ಕಣ್ಣಿಗೆ ಕಾಣುವ ಹಾನಿ

ಮಾನ್ಯರೇ,

ನಮ್ಮ ಅಂಗಡಿ ಸಾಕಷ್ಟು ಕೊಳಕಾಗಿಲ್ಲ ಎಂಬ ಕಾರಣಕ್ಕೆ ತಾವು ನಮಗೆ ಸಾಲ ನಿರಾಕರಿಸಿದ್ದೀರಿ. ವಿಪತ್ತು ಪುನಶ್ಚೇತನ ಸಾಲ ವಿಭಾಗದ ಮುಖ್ಯಾಧಿಕಾರಿಗಳ ಮೇಜಿನ ಮೇಲೆ ಇಂಥ ಅರ್ಜಿಗಳು ರಾಶಿ ಬಿದ್ದಿರುತ್ತವೆ, ಯಾವುದು ಯಾರದೆಂದು ನೆನಪಿಟ್ಟುಕೊಳ್ಳುವುದು ಕಷ್ಟ. ಆದ್ದರಿಂದ ಪರಿಚಯ ಹೇಳಿಕೊಳ್ಳುತ್ತೇನೆ. ತಮ್ಮ ಕಚೇರಿಯಿಂದ ಎರಡು ಬೀದಿ ಆಚೆ, ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿರುವ ಲಾಂಡ್ರಿ ನಮ್ಮದು. ತಮ್ಮ ಕಚೇರಿಯ ಪರದೆ, ಮೇಜಿನ ಹೊದಿಕೆಗಳೆಲ್ಲ ವರ್ಷಗಳಿಂದ ನಮ್ಮಲ್ಲೇ ಒಗೆತಕ್ಕೆ ಬರುತ್ತವೆ. ತಾವು ನಮ್ಮನ್ನು ನೋಡಿಲ್ಲದಿದ್ದರೂ ನಮ್ಮ ಕೆಲಸವನ್ನು ದಿನವೂ ನೋಡುತ್ತಿದ್ದೀರಿ.

ತಮ್ಮ ಸಹಿ ಹೊತ್ತು ಬಂದ ಉತ್ತರದಲ್ಲಿ ಹೀಗಿದೆ: “ಸದರಿ ಉದ್ದಿಮೆಯ ಸ್ಥಳ ಪರಿಶೀಲನೆ ನಡೆಸಲಾಗಿ, ಕಣ್ಣಿಗೆ ಕಾಣುವ ಹಾನಿ ಇರುವುದಿಲ್ಲ. ಕಟ್ಟಡ ಹಾಗೂ ಯಂತ್ರಗಳು ಸುಸ್ಥಿತಿಯಲ್ಲಿದ್ದು, ಪರಿಶೀಲನೆಯ ವೇಳೆ ತೃಪ್ತಿಕರ ಸೇವೆಯೂ ಲಭ್ಯವಿತ್ತು.” ಸರ್ಕಾರಿ ಕಾಗದವೊಂದರಲ್ಲಿ ನಮ್ಮ ಅಂಗಡಿಯ ಬಗ್ಗೆ ಇಷ್ಟು ಒಳ್ಳೆಯ ಮಾತು ಬಂದದ್ದು ಇದೇ ಮೊದಲು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದಿತ್ತು. ಆದರೆ ಆ ಗೋಡೆ ಇನ್ನೆಷ್ಟು ದಿನ ನಮ್ಮ ಸುಪರ್ದಿಯಲ್ಲಿರುತ್ತದೋ ಗೊತ್ತಿಲ್ಲ.

ನಾನು ಜಗಳಕ್ಕೆ ನಿಂತವನಲ್ಲ. ಜಗಳಕ್ಕೆ ಬೇಕಾದ ಕಸುವು ಉಳಿದಿಲ್ಲ. ತಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆದಿದೆ, ಹೇಳಿದ್ದನ್ನೇ ಹೇಳಿ ನಾಲಗೆ ಒಣಗಿದೆ. ನಾವು ಕೇಳಿದ್ದು ದಾನವಲ್ಲ, ಪರಿಹಾರವೂ ಅಲ್ಲ, ಸಾಲ. ಬಡ್ಡಿ ಸೇರಿಸಿ ವಾಪಸ್ ಕೊಡುತ್ತೇವೆಂದು ಬರೆದುಕೊಟ್ಟು ಕೇಳಿದ ಸಾಲ. ತಮ್ಮ ಯೋಜನೆಯ ಪ್ರಕಟಣೆಯಲ್ಲಿ, “ಸಣ್ಣ ಉದ್ದಿಮೆದಾರರು ತಮ್ಮ ಕಾಲ ಮೇಲೆ ತಾವು ಮತ್ತೆ ನಿಲ್ಲಲಿ” ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ನಾವು ಪ್ರಕಟಣೆ ಹೊರಬರುವ ಮೊದಲೇ ಎದ್ದು ನಿಲ್ಲಲು ಹೋದೆವು. ಅದೇ ತಪ್ಪಾಯಿತು ಎನ್ನುವುದನ್ನು ಕೆಳಗೆ ವಿವರಿಸಿದ್ದೇನೆ.

ಲಾಂಡ್ರಿ ಶುರು ಮಾಡಿದ್ದು ನಮ್ಮಣ್ಣ. ಅವನು ತೀರಿಕೊಂಡ ಮೇಲೆ ಅತ್ತಿಗೆ ನಡೆಸಿಕೊಂಡು ಬಂದಿದ್ದಾರೆ. ಒಗೆಯುವುದು, ಕಲೆ ತೆಗೆಯುವುದು ಅವರ ಪಾಲು. ಇಸ್ತ್ರಿ, ಸಾಗಾಟ, ಗಿರಾಕಿಗಳ ಜೊತೆ ಮಾತು ನನ್ನ ಪಾಲು. ಅಂಗಡಿಯ ನಡುವೆ ಒಂದು ದೊಡ್ಡ ಒಗೆಯುವ ಯಂತ್ರವಿದೆ. ಅದರ ಮೇಲೆ, ಸೂರಿನ ಹತ್ತಿರ, ಉದ್ದದ ಕಂಬಿ. ಒಗೆದು ಇಸ್ತ್ರಿಯಾದ ದೊಡ್ಡ ಬಟ್ಟೆಗಳನ್ನು, ಸುಕ್ಕಾಗಬಾರದೆಂದು, ಅಲ್ಲಿ ತೂಗುಬಿಡುತ್ತೇವೆ. ಈ ಯಂತ್ರ ಮತ್ತು ಈ ಕಂಬಿಯನ್ನು ತಾವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಹೊಳೆ ಉಕ್ಕಿ ಬಂದ ದಿನದ ವರ್ಣನೆ ಬೇಡ, ಅದು ತಮ್ಮ ಕಡತಗಳಲ್ಲೇ ಇದೆ. ಮೂರನೆಯ ಮಹಡಿಯ ನೆರೆಯವರ ಮನೆಯಿಂದ ನಾವು ನಮ್ಮ ಅಂಗಡಿಯ ಬಾಗಿಲನ್ನು ನೋಡುತ್ತಿದ್ದೆವು, ಆಮೇಲೆ ಬಾಗಿಲಿನ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು. ನೀರು ಇಳಿದ ಮೇಲೆ ಒಳಗೆ ಹೋದರೆ ಮೊಣಕಾಲೆತ್ತರದ ಕೆಸರು. ಅದರೊಳಗೆ ಊರಿನ ಬಟ್ಟೆ. ಆಸ್ಪತ್ರೆಯ ದಾದಿಯರ ಸಮವಸ್ತ್ರ, ವಸತಿಗೃಹದ ಹಾಸಿಗೆ ಹೊದಿಕೆ, ಯಾರೋ ಹುಡುಗಿ ಮೊದಲ ಕೆಲಸದ ಸಂದರ್ಶನಕ್ಕೆಂದು ಕೊಟ್ಟಿದ್ದ ಕೋಟು. ನಾನು ತಲೆಯ ಮೇಲೆ ಕೈ ಹೊತ್ತು ಹೊಸ್ತಿಲಲ್ಲೇ ಕೂತೆ. ಅತ್ತಿಗೆ ಕೂರಲಿಲ್ಲ.

“ಏಳೋ, ಬಕೆಟ್ ತಗೋ,” ಎಂದರು.

“ಅತ್ತಿಗೆ, ಒಂದೆರಡು ದಿನ ಬಿಡಿ. ಯಾರಾದ್ರೂ ಬಂದು ನೋಡಿ ಬರ್ಕೊಂಡು ಹೋಗ್ತಾರಂತೆ.”

“ಅವರು ಬರೋವರೆಗೆ ಕೆಸರು ಕಾಯುತ್ತೇನೋ? ಒಣಗಿ ಕಚ್ಕೊಂಡ್ರೆ ಆಮೇಲೆ ಯಾವ ಸೋಪಿಗೂ ಬಿಡಲ್ಲ. ಜನರ ಬಟ್ಟೆ ಕಣಪ್ಪ. ನಮ್ಮದಾಗಿದ್ರೆ ನಾಳೆ ನೋಡ್ಕೋಬಹುದಿತ್ತು.”

ಮಾನ್ಯರೇ, ಇದು ನಮ್ಮ ಕಸುಬಿನ ರೋಗ. ಬಟ್ಟೆಗೆ ಕೊಳೆಯಾದರೆ ಬೇರೆಯವರಿಗೆ ಬೇಸರವಾಗುತ್ತದೆ, ನಮಗೆ ಕೈ ಕಡಿಯುತ್ತದೆ. ಯಂತ್ರ ನಿಂತುಹೋಗಿತ್ತು, ಮೋಟಾರು ನೀರು ಕುಡಿದು ಸುಟ್ಟಿತ್ತು. ಹಾಗಾಗಿ ಬಟ್ಟೆಯೆಲ್ಲವನ್ನೂ ಕೈಯಲ್ಲೇ ಒಗೆದೆವು. ಒಗೆದ ಬಟ್ಟೆಯನ್ನು ಕೆಸರು ಮೆತ್ತಿದ ಗೋಡೆಗಳ ನಡುವೆ ಒಣಗಿಸಲಾಗುತ್ತದೆಯೇ? ಆದ್ದರಿಂದ ಅದಕ್ಕೂ ಮೊದಲು ಗೋಡೆ ತೊಳೆದೆವು. ಗೋಡೆ ತೊಳೆದ ಮೇಲೆ ನೆಲ. ಒದ್ದೆ ಬಟ್ಟೆ ಹೊತ್ತು ಓಡಾಡುವಾಗ ಸತ್ತ ಯಂತ್ರಕ್ಕೆ ತಗುಲಿ ಮತ್ತೆ ಕೊಳೆಯಾಗುತ್ತದಲ್ಲ ಎಂದು ಅತ್ತಿಗೆ ಅದನ್ನೂ ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿದರು. ಹೆಣಕ್ಕೆ ಸ್ನಾನ ಮಾಡಿಸುವವರಂತೆ ಮಾಡಿದರು ಎಂದು ಆಗ ನನಗೆ ಅನ್ನಿಸಿತ್ತು.

ದಾದಿಯರು ಸಮವಸ್ತ್ರ ತೆಗೆದುಕೊಂಡು ಹೋದರು. ಕೋಟಿನ ಹುಡುಗಿ ಬಂದು, ಅದು ತನ್ನದೇ ಎಂದು ನಂಬಲಾರದೆ ಎರಡು ಸಲ ಒಳಗಿನ ಪಟ್ಟಿ ತಿರುಗಿಸಿ ನೋಡಿ, ಅತ್ತಿಗೆಯ ಕೈ ಹಿಡಿದುಕೊಂಡು ಅತ್ತಳು. ತಮ್ಮ ಕಚೇರಿಯ ಪರದೆಗಳೂ ಹೊರಟವು. ಅವನ್ನು ನಾನೇ ಹೊತ್ತು ತಂದೆ, ಜೊತೆಗೆ ಸಾಲದ ಅರ್ಜಿಯನ್ನೂ ತಂದೆ. ಪರದೆಗಳನ್ನು ಬಾಗಿಲಲ್ಲೇ ಸ್ವಾಗತಿಸಿದರು. ಕಚೇರಿ ಬಿಕೋ ಅನ್ನುತ್ತಿದೆ, ಬೇಗ ತೂಗುಹಾಕು ಎಂದರು. ಸ್ಟೂಲಿನ ಮೇಲೆ ಹತ್ತಿ ಎಲ್ಲ ಕಿಟಕಿಗಳಿಗೂ ನಾನೇ ಹಾಕಿಕೊಟ್ಟೆ. ಅರ್ಜಿಯನ್ನು ಮಾತ್ರ, ಇವತ್ತು ತೆಗೆದುಕೊಳ್ಳುವವರಿಲ್ಲ, ನಾಳೆ ಬಾ ಎಂದರು. ತಮ್ಮ ಕೋಣೆಯ ದೊಡ್ಡ ಕಿಟಕಿಯ ಪರದೆ ಕೊಂಚ ಗಿಡ್ಡವಾದಂತೆ ಕಂಡಿತು. ಒಗೆದದ್ದಕ್ಕೆ ಕುಗ್ಗಿರಬೇಕು, ಯಾರಾದರೂ ಕೇಳುವ ಮೊದಲು ಜಾಗ ಖಾಲಿ ಮಾಡೋಣ ಎಂದು ತೆಪ್ಪಗೆ ಇಳಿದು ಬಂದೆ.

ಈಗ ನಮ್ಮ ಪಕ್ಕದ ಅಂಗಡಿಯವರ ವಿಷಯ. ಅವರು ಮರದ ಪೀಠೋಪಕರಣ ಮಾರುತ್ತಾರೆ. ಬೀದಿಯವರೆಲ್ಲ ಕುರ್ಚಿ ಮಾವ ಎಂದು ಕರೆಯುತ್ತೇವೆ, ಮಾರುವುದಕ್ಕಿಂತ ಹೆಚ್ಚು ಹೊತ್ತು ಅವರು ಕುರ್ಚಿಯ ಮೇಲೆ ಕೂತಿರುವುದರಿಂದ. ಪ್ರವಾಹ ಇಳಿದ ಮೇಲೆ ಅವರು ಬಾಗಿಲು ತೆರೆದು ನೋಡಿ, “ನನ್ನ ಕೈಯಲ್ಲಾಗಲ್ಲಪ್ಪ,” ಎಂದು ಮತ್ತೆ ಬೀಗ ಹಾಕಿ ಮಗಳ ಮನೆಗೆ ಹೋದರು. ತಮ್ಮ ಪರಿಶೀಲಕರು ಬರುವ ದಿನ ವಾಪಸ್ ಬಂದರು. ಕೆಸರು ಇದ್ದ ಹಾಗೇ ಇತ್ತು, ಅದರ ಮೇಲೆ ಹಸಿರು ಪಾಚಿಯೂ ಕಟ್ಟಿತ್ತು. ಫೋಟೊಗಳು ಬಹಳ ಚೆನ್ನಾಗಿ ಬಂದವಂತೆ. ಅವರಿಗೆ ಸಾಲ ಮಂಜೂರಾಯಿತು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ. ಅವರ ಮರವೆಲ್ಲ ಉಬ್ಬಿ ಒಡೆದು ಹೋಗಿತ್ತು, ಆ ಹಣ ಅವರಿಗೆ ಸಲ್ಲಬೇಕಾದದ್ದೇ. ಅವರಿಗೆ ಸಿಕ್ಕಿದ್ದರ ಬಗ್ಗೆ ನಮಗಿಂತ ಅವರಿಗೇ ಹೆಚ್ಚು ಸಂಕೋಚ.

ಪರಿಶೀಲಕರು ಅಲ್ಲಿಂದ ನೇರವಾಗಿ ನಮ್ಮ ಅಂಗಡಿಗೆ ಬಂದರು. ಒಳ್ಳೆಯ ಮನುಷ್ಯ, ಅವರ ಮೇಲೆ ಕ್ರಮ ಕೈಗೊಳ್ಳಿ ಎಂದು ನಾನು ಕೇಳುತ್ತಿಲ್ಲ. ಕುರ್ಚಿ ಮಾವನ ಅಂಗಡಿಯಲ್ಲಿ ಜಾರಿ, ಪ್ಯಾಂಟು ಸೊಂಟದವರೆಗೆ ಕೆಸರಾಗಿತ್ತು. ಅತ್ತಿಗೆಯ ಕಣ್ಣು ಮೊದಲು ಹೋದದ್ದು ಅಲ್ಲಿಗೇ. ನಾನು ಯಂತ್ರ ತೋರಿಸಲು ಬಾಯಿ ತೆರೆಯುವಷ್ಟರಲ್ಲಿ ಅವರು ಹೇಳಿಯಾಗಿತ್ತು.

“ಸರ್, ಅದನ್ನ ಬಿಚ್ಚಿ ಕೊಡಿ.”

“ಅಯ್ಯೋ ಬೇಡಮ್ಮ. ಮನೆಗೆ ಹೋಗಿ ನೋಡ್ಕೋತೀನಿ.”

“ಮನೆಗೆ ಹೋಗೋಷ್ಟರಲ್ಲಿ ಕಚ್ಕೊಂಡ್ಬಿಡುತ್ತೆ. ಇವನ ಪ್ಯಾಂಟ್ ಇದೆ, ಅಷ್ಟೊತ್ತು ಹಾಕ್ಕೊಳ್ಳಿ. ಕೊಡಿ ಇಲ್ಲಿ.”

ಅವರು ಕುಳ್ಳಗೆ, ನಾನು ಉದ್ದ. ನನ್ನ ಪ್ಯಾಂಟನ್ನು ಕೆಳಗೆ ಸುರುಳಿ ಸುತ್ತಿಕೊಂಡು ತಮ್ಮ ಇಲಾಖೆಯ ಪ್ರತಿನಿಧಿ ನಮ್ಮ ಅಂಗಡಿಯನ್ನು ಪರಿಶೀಲಿಸಿದರು. ಯಂತ್ರದ ಮೋಟಾರು ಸುಟ್ಟಿದೆ ಸರ್ ಎಂದೆ. ಫೋಟೊ ತೆಗೆದರು. ಮೊಬೈಲಿನ ಪರದೆಯ ಮೇಲೆ ಬೆರಳಾಡಿಸಿ ಹಿಗ್ಗಿಸಿ ನೋಡಿದರು. “ಇದ್ರಲ್ಲಿ ಏನೂ ಕಾಣ್ತಿಲ್ವಲ್ಲಪ್ಪ. ಹೊಸ ಮೆಷಿನ್ ಥರ ಇದೆ. ಕಣ್ಣಿಗೆ ಕಾಣೋ ಹಾನಿ ಇರಬೇಕು ಅಂತ ರೂಲ್ಸು,” ಎಂದರು, ನಿಜವಾಗಿ ನೊಂದುಕೊಂಡೇ. ಗೋಡೆಯಲ್ಲಿ ನೀರಿನ ಗೆರೆ ಹುಡುಕಿದರು, ಇರಲಿಲ್ಲ. ಹಿಂದಿನ ಕೋಣೆಯಲ್ಲಾದರೂ ಒಂದಿಷ್ಟು ಕೆಸರು ಉಳಿದಿದೆಯೇ ಎಂದು ಬಗ್ಗಿ ನೋಡಿದರು. ಅಷ್ಟರಲ್ಲಿ ಅತ್ತಿಗೆ ಅವರ ಪ್ಯಾಂಟನ್ನು ಕೈಯಲ್ಲಿ ಒಗೆದು, ಹಿಂಡಿ, ಇಸ್ತ್ರಿಯ ಬಿಸಿಯಲ್ಲೇ ಒಣಗಿಸಿ, ಮಡಿಕೆ ಮುರಿಯದಂತೆ ತಂದು ಕೊಟ್ಟರು. ಹಣ ಮುಟ್ಟಲಿಲ್ಲ. ತಮ್ಮ ಪತ್ರದಲ್ಲಿರುವ “ತೃಪ್ತಿಕರ ಸೇವೆ” ಎಂದರೆ ಅದೇ ಪ್ಯಾಂಟು.

ಮೇಲ್ಮನವಿ ಸಲ್ಲಿಸಬಹುದೆಂದು ತಿಳಿದು ತಮ್ಮ ಕಚೇರಿಗೆ ಬಂದೆ. ಕಿಟಕಿಯಾಚೆ ಕೂತಿದ್ದ ಮೇಡಂ ತಾಳ್ಮೆಯಿಂದಲೇ ಮಾತಾಡಿದರು.

“ಬೀದಿ ಮುಳುಗಿದ್ದು ನಿಜ, ನಾನೇನು ಇಲ್ಲ ಅಂತಿಲ್ಲ. ಆದ್ರೆ ನಿಮ್ಮ ಮೆಷಿನ್ ಮುಳುಗಿತ್ತು ಅನ್ನೋದಕ್ಕೆ ಏನ್ ಆಧಾರ ಇದೆ?”

“ಮೆಕ್ಯಾನಿಕ್ ನೋಡಿ ಬರ್ಕೊಟ್ಟಿದಾನೆ ಮೇಡಂ.”

“ಸುಟ್ಟಿದೆ ಅಂತ ಬರ್ದಿದಾನೆ. ಹಳೇದಾಗಿ ಸುಟ್ಟಿರಬಹುದಲ್ಲ? ಪ್ರವಾಹಕ್ಕೆ ಮುಂಚೆ ತೆಗೆದ ಫೋಟೊ ಇದ್ರೆ ತನ್ನಿ. ಮುಂಚಿಂದು, ಆಮೇಲಿಂದು, ಎರಡೂ ಇರಬೇಕು.”

ತಮ್ಮನ್ನೇ ಕೇಳುತ್ತೇನೆ. ಹೊಳೆ ಉಕ್ಕುವ ಹಿಂದಿನ ದಿನ ಒಗೆಯುವ ಯಂತ್ರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರು ಯಾರು? ಯಂತ್ರಕ್ಕೆ ನಗು ಅನ್ನಬೇಕಿತ್ತೇ? ಇನ್ನೊಂದು ನಿಯಮವೂ ಇದೆಯಂತೆ: ಇಬ್ಬರು ಜಾಮೀನುದಾರರು ಬೇಕು, ಅವರು ಅದೇ ಪ್ರದೇಶದ ವ್ಯಾಪಾರಿಗಳಾಗಿರಬೇಕು, ಪ್ರವಾಹದಿಂದ ಬಾಧಿತರಾಗಿರಬಾರದು. ನಮ್ಮ ಬೀದಿಯಲ್ಲಿ ಪ್ರವಾಹದಿಂದ ಬಾಧಿತವಾಗದ ವ್ಯಾಪಾರ ಯಾವುದೂ ಇಲ್ಲ. ಮೊದಲ ಮಹಡಿಯಲ್ಲಿರುವ ಹಲ್ಲಿನ ವೈದ್ಯರ ಕ್ಲಿನಿಕ್ ಒಂದಕ್ಕೆ ನೀರು ತಾಗಲಿಲ್ಲ, ಆದರೆ ಕೆಳಗಿನ ಬೀದಿಗೆ ಜನ ಬಾರದೆ ಅವರೂ ಬಾಯಿ ನೋಡದೆ ತಿಂಗಳಾಯಿತು. ನೀರಿಗೆ ಬಿದ್ದವನನ್ನು ಎತ್ತಬೇಕಾದರೆ ಅವನ ಬಟ್ಟೆ ಒದ್ದೆಯಾಗಿದೆಯೆಂದು ದಡದಲ್ಲಿರುವ ಇಬ್ಬರು ಸಾಕ್ಷಿ ಹೇಳಬೇಕೆಂಬ ಈ ನಿಯಮ ಯಾರು ಬರೆದರು ಎಂದು ತಿಳಿಯುವ ಕುತೂಹಲವೂ ಈಗ ಉಳಿದಿಲ್ಲ.

ಇಷ್ಟೆಲ್ಲ ಹೇಳಿಕೊಳ್ಳುವುದು ಒಂದು ಮೋಟಾರಿಗಾಗಿಯೇ ಎಂದು ತಾವು ಕೇಳಬಹುದು. ಹೌದು, ಒಂದು ಮೋಟಾರಿಗಾಗಿ. ಅದಿಲ್ಲದೆ ಆಸ್ಪತ್ರೆಯ ಬಟ್ಟೆಯನ್ನೂ ವಸತಿಗೃಹದ ಬಟ್ಟೆಯನ್ನೂ ಕೈಯಲ್ಲಿ ಒಗೆದು ಮುಗಿಸಲಾಗುವುದಿಲ್ಲ. ಅತ್ತಿಗೆ ಪ್ರಯತ್ನಪಟ್ಟರು. ಅವರ ಕೈ ಬಿರುಕು ಬಿಟ್ಟು, ಅನ್ನ ಕಲಸಲೂ ಉರಿಯುವಂತಾಯಿತು. ಆಸ್ಪತ್ರೆಯವರು ಕ್ಷಮೆ ಕೇಳಿ ಬೇರೆಡೆಗೆ ಹೋದರು, ವಸತಿಗೃಹದವರು ಕ್ಷಮೆಯನ್ನೂ ಕೇಳದೆ ಹೋದರು. ಕಟ್ಟಡದ ಮಾಲೀಕರು ಈ ತಿಂಗಳು ಮುಗಿಯುವವರೆಗೆ ಬಾಡಿಗೆಗೆ ಕಾಯುತ್ತೇನೆ ಎಂದಿದ್ದಾರೆ. ಮೊಬೈಲ್ ಮಾರುವವರು ಬಂದು ಜಾಗ ನೋಡಿಕೊಂಡು, ಗೋಡೆ ಬಹಳ ಚೊಕ್ಕವಾಗಿದೆ, ಬಣ್ಣದ ಖರ್ಚು ಉಳಿಯಿತು ಎಂದು ಸಂತೋಷಪಟ್ಟು ಹೋದರು.

ಹೋದ ವಾರ ಅತ್ತಿಗೆ ನನಗೆ ಹೇಳದೆ ಊರ ಹೊರಗಿನ ದೊಡ್ಡ ಲಾಂಡ್ರಿಗೆ ಕೆಲಸ ಕೇಳಿಕೊಂಡು ಹೋಗಿದ್ದರು. ಅಲ್ಲಿನ ಮೇಲ್ವಿಚಾರಕ, ಅವರಿಗೆ ಮಗನಾಗಬಹುದಾದ ವಯಸ್ಸಿನವನು, ಒಂದು ಹೊದಿಕೆ ಕೊಟ್ಟು, “ಮಡಚಿ ತೋರಿಸಿ ನೋಡೋಣ,” ಎಂದನಂತೆ. ಅತ್ತಿಗೆ ಮಡಚಿ ತೋರಿಸಿದರು. “ಪರವಾಗಿಲ್ಲ, ಒಂದನೇ ತಾರೀಕಿಂದ ಬನ್ನಿ,” ಎಂದನಂತೆ. ಇದನ್ನು ಅವರು ನಗುತ್ತಲೇ ಹೇಳಿದರು. ಅಣ್ಣ ಹೋದ ದಿನವೂ ನಾನು ಅಷ್ಟು ಅಸಹಾಯಕನಾಗಿ ನಿಂತಿರಲಿಲ್ಲ.

ಆ ಸಂಕಟದಲ್ಲಿ ನಾವು ಒಂದು ಅಪರಾಧಕ್ಕೆ ಕೈ ಹಾಕಿದೆವು, ಅದನ್ನೂ ತಮ್ಮಲ್ಲಿ ಮುಚ್ಚಿಡುವುದಿಲ್ಲ. ಸಲಹೆ ಕುರ್ಚಿ ಮಾವನದು. ಮಧ್ಯಾಹ್ನ ನಮ್ಮ ಬಾಗಿಲಲ್ಲಿ ಬಂದು ನಿಂತು, ತಲೆ ತುರಿಸಿಕೊಂಡು, “ನಮ್ಮ ಹಿತ್ತಲಲ್ಲಿ ಕೆಸರು ಇನ್ನೂ ಇದೆ ಕಣಯ್ಯ. ಒಂದು ಬಕೆಟ್ ಕೊಡ್ತೀನಿ. ಗೋಡೆಗೊಂದಿಷ್ಟು, ಮೆಷಿನ್‌ಗೊಂದಿಷ್ಟು ಬಳಿದ್ಬಿಟ್ಟು ಇನ್ನೊಂದ್ಸಲ ಕರೀರಿ. ಸುಳ್ಳೇನಲ್ವಲ್ಲ, ಇದ್ದದ್ದೇ ತಾನೆ,” ಎಂದರು. ಅವರು ಹೇಳಿದ್ದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ನಮ್ಮ ಗೋಡೆಯ ಮೇಲಿದ್ದ ಕೆಸರನ್ನು ನಮ್ಮ ಗೋಡೆಗೇ ಹಿಂತಿರುಗಿಸುವುದಷ್ಟೆ. ಬಕೆಟ್ ತಂದೆ.

ಅತ್ತಿಗೆ ಬಹಳ ಹೊತ್ತು ಬಕೆಟ್ ನೋಡಿದರು. ಆಮೇಲೆ ಕೈಯದ್ದಿ ಗೋಡೆಯ ಮೇಲೆ ಅಂಗೈಯಗಲ ಬಳಿದರು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಮತ್ತೆ ಕೈ ಅದ್ದಲಿಲ್ಲ. ಒಳಗೆ ಹೋಗಿ ಒದ್ದೆ ಬಟ್ಟೆ ತಂದು ಬಳಿದಷ್ಟನ್ನೂ ಒರೆಸಿದರು, ಅದರ ಸುತ್ತಲಿನ ಗೋಡೆಯನ್ನೂ ಒರೆಸಿದರು.

“ಕೈ ಬರಲ್ಲ ಕಣೋ,” ಎಂದರು.

ನಾನು ಸಿಟ್ಟಾದೆ. “ಅತ್ತಿಗೆ, ಒಂದೇ ಒಂದು ಕಲೆ ಉಳಿಸಿಕೊಂಡಿದ್ರೂ ಸಾಕಿತ್ತು. ಒಂದೇ ಒಂದು. ಎಲ್ಲಾ ಒಗೆದು ಹಾಕಿದ್ರಲ್ಲ,” ಎಂದೆ. ಅವರ ಮುಂದೆ ನಾನು ದನಿ ಏರಿಸಿದ್ದು ಅಪರೂಪ. ಅವರು ಸ್ಟೂಲಿನ ಮೇಲೆ ಕೂತು, ಮುದ್ದೆಯಾಗಿದ್ದ ಬಟ್ಟೆಯನ್ನು ಬಿಡಿಸುತ್ತ, ನೆಲ ನೋಡಿಕೊಂಡು ಹೇಳಿದರು.

“ಒಂದು ಹೋಗಿಲ್ಲ.”

“ಯಾವುದು?”

“ಸಾಲದ ಆಫೀಸಿನ ದೊಡ್ಡ ಸಾಹೇಬರ ಕೋಣೆ ಪರದೆ.”

ಮಾನ್ಯರೇ, ಈಗ ಆ ಕಂಬಿಯನ್ನು ನೆನಪಿಸಿಕೊಳ್ಳಿ. ಹೊಳೆ ಬಂದ ದಿನ ತಮ್ಮ ಕಚೇರಿಯ ಪರದೆಗಳೆಲ್ಲ ಒಗೆದು, ಇಸ್ತ್ರಿಯಾಗಿ, ಯಂತ್ರದ ಮೇಲಿನ ಕಂಬಿಯಲ್ಲಿ ತೂಗುತ್ತಿದ್ದವು. ಗುಮಾಸ್ತರ ಕಿಟಕಿಗಳು ಚಿಕ್ಕವು, ಅವುಗಳ ಪರದೆ ಮೇಲೆಯೇ ಉಳಿದವು, ನೀರು ಮುಟ್ಟಲಿಲ್ಲ. ತಮ್ಮ ಕೋಣೆಯ ಕಿಟಕಿ ದೊಡ್ಡದು, ಪರದೆ ಉದ್ದ. ಅದರ ಅಂಚು ಯಂತ್ರದ ಮುಚ್ಚಳಕ್ಕಿಂತ ಒಂದು ಗೇಣು ಮೇಲಿತ್ತು. ನೀರು ಯಂತ್ರವನ್ನು ನುಂಗಿ, ಏರಿ, ತಮ್ಮ ಪರದೆಯ ಅಂಚನ್ನು ಮುಟ್ಟಿ ನಿಂತಿತು. ದಪ್ಪನೆಯ ಅಂಚು ಕೆಸರು ಕುಡಿದುಬಿಟ್ಟಿತು. ಅತ್ತಿಗೆ ಸರ್ಕಾರದ ವಸ್ತು ಎಂದು ಎಲ್ಲಕ್ಕಿಂತ ಮೊದಲು ಅದನ್ನೇ ಒಗೆದರು. ಮೂರು ಸಲ ಒಗೆದರೂ ಕಲೆ ಬಿಡಲಿಲ್ಲ. ಕೊನೆಗೆ ಆ ಕಲೆಯಷ್ಟನ್ನೂ ಒಳಕ್ಕೆ ಮಡಚಿ, ಹೊಲಿಗೆ ಕಾಣದಂತೆ ಕೈಯಲ್ಲೇ ಹೊಲಿದು ಕಳುಹಿಸಿದರು. ಆ ಒಂದು ಪರದೆಗೆ ಅವರು ಬಿಲ್ಲಿನಲ್ಲಿ ಹಣ ಹಾಕಿರಲಿಲ್ಲ. ಗಡಿಬಿಡಿಯಲ್ಲಿ ಮರೆತಿದ್ದಾರೆ ಎಂದು ನಾನು ಅಂದುಕೊಂಡಿದ್ದೆ. ಕಲೆ ಹೋಗದ ಬಟ್ಟೆಗೆ ಹಣ ಮುಟ್ಟಬಾರದು, ಗಿರಾಕಿಗೆ ನಿಜ ಹೇಳಬೇಕು ಎನ್ನುವುದು ಅಣ್ಣನ ಕಾಲದಿಂದ ನಮ್ಮ ಅಂಗಡಿಯ ಕಟ್ಟಳೆ. ಅತ್ತಿಗೆ ಅದರಲ್ಲಿ ಅರ್ಧವನ್ನು ಪಾಲಿಸಿದ್ದರು.

ಹಾಗಾಗಿ ತಾವು ಕೇಳಿದ ಆಧಾರ ತಮ್ಮ ಕೋಣೆಯಲ್ಲೇ ಇದೆ. ನಮ್ಮ ಅರ್ಜಿಯನ್ನು ನಿರಾಕರಿಸಿ ತಾವು ಸಹಿ ಹಾಕಿದ ದಿನವೂ ಅದು ತಮ್ಮ ಬೆನ್ನ ಹಿಂದೆ ತೂಗುತ್ತಿತ್ತು. ತಮ್ಮ ಪರದೆ ಈಗ ನಾಲ್ಕು ಬೆರಳು ಗಿಡ್ಡವಾಗಿದೆ. ಮಧ್ಯಾಹ್ನದ ಹೊತ್ತು ಅದರಡಿಯಿಂದ ಬಿಸಿಲು ನುಸುಳಿ ತಮ್ಮ ಮೇಜಿನ ಮೇಲೆ ಬೀಳುತ್ತಿರಬೇಕು. ಕುರ್ಚಿಯನ್ನು ಕೊಂಚ ಸರಿಸಿಕೊಂಡು ಸುಮ್ಮನಾಗಿರುತ್ತೀರಿ.

ಇದನ್ನು ಬರೆಯಲು ಅತ್ತಿಗೆ ಮೊದಲು ಒಪ್ಪಲಿಲ್ಲ. ಲಾಂಡ್ರಿಯವರು ಕಲೆಯನ್ನು ಮಡಚಿಟ್ಟು ಕೊಟ್ಟರು ಎಂದು ತಮ್ಮ ಕಚೇರಿಯಿಂದ ಊರಿಗೆಲ್ಲ ಗೊತ್ತಾಗುತ್ತದೆ, ಆಮೇಲೆ ಯಾರು ಬಟ್ಟೆ ಕೊಡುತ್ತಾರೆ, ಅಂಗಡಿ ಹೋದರೂ ಪರವಾಗಿಲ್ಲ, ಹೆಸರು ಹೋಗಬಾರದು ಎಂದರು. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಿನ್ನೆ ಇಸ್ತ್ರಿ ಮೇಜಿನ ಎದುರು ನಿಂತು, ಬಿರುಕು ಬಿಟ್ಟ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ, “ಬರಿ. ಒಂದನೇ ತಾರೀಕಿಗೆ ಮುಂಚೆ ಬರಿ,” ಎಂದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪರಿಶೀಲಕರನ್ನು ಮತ್ತೆ ಕಳುಹಿಸುವ ತೊಂದರೆ ಬೇಡ. ತಾವೇ ಕುರ್ಚಿಯಿಂದ ಎದ್ದು, ಕಿಟಕಿಯವರೆಗೆ ಹೋಗಿ, ಪರದೆಯ ಅಂಚಿನ ಹೊಲಿಗೆ ಬಿಚ್ಚಿ ನೋಡಿ. ಅಲ್ಲಿ ಕಂದು ಬಣ್ಣದ ಗೆರೆಯೊಂದು ಕಾಣುತ್ತದೆ. ನಮ್ಮ ಯಂತ್ರ ಆ ಗೆರೆಯ ಕೆಳಗಿತ್ತು. ಕಂಬಿಯ ಎತ್ತರ ಅಳೆದುಕೊಳ್ಳಲು ಯಾರನ್ನಾದರೂ ಕಳುಹಿಸುವುದಾದರೆ ಕಳುಹಿಸಿ, ಕೆಸರಾಗಿಯೇ ಬರಲಿ, ಈ ಸಲ ನಾನು ಅತ್ತಿಗೆಯನ್ನು ಹಿಡಿದು ಕೂರಿಸುತ್ತೇನೆ. ಇದು ಕಣ್ಣಿಗೆ ಕಾಣುವ ಹಾನಿ ಹೌದೋ ಅಲ್ಲವೋ ಎಂದು ತೀರ್ಮಾನಿಸಿ, ನಮ್ಮ ಅರ್ಜಿಯನ್ನು ಮರುಪರಿಶೀಲಿಸಿ.

ಅತ್ತಿಗೆಯದೊಂದು ಷರತ್ತಿದೆ. ನೋಡಿದ ಮೇಲೆ ಪರದೆಯನ್ನು ಹಾಗೇ ಬಿಚ್ಚಿ ಬಿಡಬಾರದಂತೆ, ಅಂಗಡಿಗೆ ಕಳುಹಿಸಬೇಕಂತೆ. ಇನ್ನೊಮ್ಮೆ ಒಗೆದು ನೋಡುತ್ತಾರೆ, ಹೋಗದಿದ್ದರೆ ಮತ್ತೆ ಹೊಲಿದು ಕೊಡುತ್ತಾರೆ, ಹಣ ಬೇಡ. ಆದರೆ ಈ ತಿಂಗಳು ಮುಗಿಯುವುದರೊಳಗೆ ಕಳುಹಿಸಿ. ಆಮೇಲೆ ಆ ವಿಳಾಸದಲ್ಲಿ ಮೊಬೈಲ್ ಮಾರುವವರಿರುತ್ತಾರೆ, ಅವರಿಗೆ ಹೊಲಿಯಲು ಬರುವುದಿಲ್ಲ.

ಇಂತಿ,
ತಮ್ಮ ದಾಖಲೆಗಳ ಪ್ರಕಾರ ಸುಸ್ಥಿತಿಯಲ್ಲಿರುವ
ಲಾಂಡ್ರಿಯವನು